ಕಲ್ಲಾದ ಹೆಜ್ಜೆಗಳು: ಡೈನೋಸಾರ್ ಹೆಜ್ಜೆಗುರುತಿನ ತಾಣಗಳು ಮತ್ತು ಅವುಗಳ ರಕ್ಷಣೆ

ಕೋಟ್ಯಂತರ ವರ್ಷಗಳ ಹಿಂದೆ ಕೆಸರಿನ ಮೇಲೆ ನಡೆದುಹೋದ ಡೈನೋಸಾರ್‌ಗಳ ಹೆಜ್ಜೆ ಒಣಗಿ, ಮಣ್ಣಿನಡಿ ಮುಚ್ಚಿಹೋಗಿ, ಕಲ್ಲಾಗಿ ಉಳಿದ ಜಾಗಗಳನ್ನು ಹೆಜ್ಜೆಗುರುತಿನ ಪಳೆಯುಳಿಕೆ ತಾಣಗಳೆನ್ನುತ್ತಾರೆ. ಇಂಥ ತಾಣ ಸತ್ತ ಪ್ರಾಣಿಯ ಅವಶೇಷವಲ್ಲ. ಬದುಕಿದ್ದ ಪ್ರಾಣಿಯ ಒಂದು ಗಳಿಗೆಯ ದಾಖಲೆ. ಎಲುಬನ್ನು ಅಗೆದು, ಸುತ್ತಿ, ಪೆಟ್ಟಿಗೆಗೆ ಹಾಕಿ ದೂರದ ವಸ್ತುಸಂಗ್ರಹಾಲಯಕ್ಕೆ ಒಯ್ಯಬಹುದು. ಹೆಜ್ಜೆಯನ್ನು ಹಾಗೆ ಒಯ್ದರೆ ಅದರ ಹಿಂದಿನ ಹೆಜ್ಜೆ, ಮುಂದಿನ ಹೆಜ್ಜೆ, ಪಕ್ಕದಲ್ಲಿ ನಡೆದ ಇನ್ನೊಂದರ ಹೆಜ್ಜೆ ಎಲ್ಲವೂ ಅಲ್ಲೇ ಬಿಟ್ಟುಹೋಗುತ್ತವೆ. ಆದ್ದರಿಂದ ಈ ತಾಣಗಳಲ್ಲಿ ನೆಲವೇ ವಸ್ತುಸಂಗ್ರಹಾಲಯ. ಮಾಡು ಕಟ್ಟುವುದಿದ್ದರೂ ಆ ನೆಲದ ಮೇಲೆಯೇ ಕಟ್ಟಬೇಕು.

ಉತ್ತರ ಕನ್ನಡದ ಅರಬೈಲ್ ಘಟ್ಟದಲ್ಲಾಗಲಿ, ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಾಗಲಿ ಡೈನೋಸಾರ್ ಹೆಜ್ಜೆಗುರುತುಗಳಿಲ್ಲ. ಏಕಿಲ್ಲವೆಂಬುದು ಇಲ್ಲಿನ ಬಂಡೆಗಳ ಕಥೆ. ಆದರೂ ಮಳೆಗೂ ಜನರ ಕಾಲಿಗೂ ತೆರೆದುಕೊಂಡ ಕಲ್ಲನ್ನು ಕಾಯುವ ಕೆಲಸ ಈ ಸೀಮೆಯಲ್ಲೂ ಬಾಕಿಯಿದೆ. ಜಗತ್ತಿನ ಹೆಜ್ಜೆಗುರುತಿನ ತಾಣಗಳು ಅರ್ಧ ಶತಮಾನದಲ್ಲಿ ಕಲಿತದ್ದು ಅದಕ್ಕೆ ನೇರವಾಗಿ ಒದಗುತ್ತದೆ.

ಕೆಸರಿನಿಂದ ಕಲ್ಲಿಗೆ

ಹೊಸದಾಗಿ ಸಿಮೆಂಟು ಹಾಕಿದ ಅಂಗಳ ಒಣಗುವ ಮೊದಲೇ ನಾಯಿಯೊಂದು ಅಡ್ಡ ಹಾಯ್ದಿರುತ್ತದೆ. ಮನೆಯವರು ಎಷ್ಟು ಗದರಿಸಿದರೂ ಆ ನಾಲ್ಕು ಹೆಜ್ಜೆ ಅಲ್ಲಿ ಉಳಿದೇ ಉಳಿಯುತ್ತವೆ. ನಾಯಿ ಸತ್ತು ಹತ್ತು ವರ್ಷವಾದರೂ ಮಕ್ಕಳು ಅದರಲ್ಲಿ ಬೆರಳಿಟ್ಟು ನೋಡುತ್ತಾರೆ. ಹೆಜ್ಜೆಗುರುತು ಕಲ್ಲಾಗುವ ಬಗೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ನೆಲ ತೀರ ನೀರಾಗಿದ್ದರೆ ಗುರುತು ಕೂಡಿಕೊಂಡುಬಿಡುತ್ತದೆ, ತೀರ ಗಟ್ಟಿಯಾಗಿದ್ದರೆ ಮೂಡುವುದೇ ಇಲ್ಲ. ನದಿಯ ದಂಡೆ, ಕೆರೆಯ ಅಂಚು, ಭರತ ಇಳಿದ ಕಡಲತೀರಗಳಲ್ಲಿ ಹದವಾದ ಕೆಸರಿರುತ್ತದೆ. ಬಿಸಿಲಿಗೆ ಅದು ತುಸು ಬಿಗಿಯಬೇಕು. ಆಮೇಲೆ ಮೆಲ್ಲನೆ ಬಂದ ನೀರು ಬೇರೆ ಬಗೆಯ ಮರಳನ್ನೋ ಹೂಳನ್ನೋ ತಂದು ಅದರ ಮೇಲೆ ಹಾಸಬೇಕು. ನೀರು ರಭಸದಿಂದ ಬಂದರೆ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಪದರದ ಮೇಲೆ ಪದರ ಕೂತು, ಭಾರಕ್ಕೆ ಒತ್ತಿ, ಖನಿಜಗಳು ಬೆಸೆದು ಕೆಸರು ಜೇಡಿಗಲ್ಲಾಗುತ್ತದೆ, ಮರಳು ಮರಳುಗಲ್ಲಾಗುತ್ತದೆ. ಮುಂದೆಂದೋ ಭೂಮಿ ಮೇಲೆದ್ದು ಮೇಲಿನ ಪದರ ಸವೆದಾಗ ಹೆಜ್ಜೆ ಮತ್ತೆ ಬೆಳಕು ಕಾಣುತ್ತದೆ. ಕೆಳಪದರದಲ್ಲಿ ಅದು ಕುಳಿಯಾಗಿರುತ್ತದೆ. ಅದರ ಮೇಲೆ ತುಂಬಿದ ಪದರವನ್ನು ಮಗುಚಿ ನೋಡಿದರೆ ಅದೇ ಹೆಜ್ಜೆ ಅಚ್ಚಿನಿಂದ ತೆಗೆದ ಬೆಲ್ಲದಂತೆ ಉಬ್ಬಾಗಿ ಕಾಣುತ್ತದೆ.

ಒಂದು ಹೆಜ್ಜೆ ಹೇಳುವುದು ಕಡಿಮೆ. ಸಾಲು ಹೆಜ್ಜೆ ಬಹಳ ಹೇಳುತ್ತದೆ. ಬ್ರಿಟನ್ನಿನ ಪ್ರಾಣಿವಿಜ್ಞಾನಿ ಆರ್. ಮ್ಯಾಕ್‌ನೀಲ್ ಅಲೆಕ್ಸಾಂಡರ್ 1976ರಲ್ಲಿ ಹೆಜ್ಜೆಯ ಉದ್ದ ಮತ್ತು ಹೆಜ್ಜೆಗಳ ನಡುವಿನ ಅಂತರದಿಂದ ಪ್ರಾಣಿಯ ವೇಗ ಲೆಕ್ಕ ಹಾಕುವ ಸೂತ್ರವೊಂದನ್ನು ಕೊಟ್ಟರು. ಪಾದದ ಉದ್ದದ ಸುಮಾರು 4 ಪಟ್ಟು ಸೊಂಟದ ಎತ್ತರ ಎಂಬುದು ಅದರ ಆಧಾರ. ಪಾದ 30 ಸೆಂ.ಮೀ. ಇದ್ದರೆ ಸೊಂಟ ಸುಮಾರು 120 ಸೆಂ.ಮೀ. ಎತ್ತರದಲ್ಲಿತ್ತು ಎಂದಾಯಿತು, ನಮ್ಮ ಮಲೆನಾಡು ಗಿಡ್ಡ ಹಸುವಿನ ಬೆನ್ನಿಗಿಂತಲೂ ಮೇಲೆ. ಬಾಲ ನೆಲಕ್ಕೆ ಎಳೆದ ಗೆರೆ ಬಹುತೇಕ ಸಾಲುಗಳಲ್ಲಿ ಕಾಣಸಿಗದ್ದರಿಂದಲೇ ಡೈನೋಸಾರ್‌ಗಳು ಬಾಲವನ್ನು ಎತ್ತಿ ಹಿಡಿದು ನಡೆಯುತ್ತಿದ್ದವೆಂಬುದು ಗಟ್ಟಿಯಾಯಿತು.

ಹೆಜ್ಜೆಗುರುತಿಗೆ ವಿಜ್ಞಾನಿಗಳು ಇಡುವ ಹೆಸರು ಪ್ರಾಣಿಯ ಹೆಸರಲ್ಲ, ಗುರುತಿನ ಹೆಸರು. ಯಾರು ನಡೆದರೆಂದು ಖಚಿತವಾಗಿ ಹೇಳಲಾಗದ ಕಡೆ ಇದೇ ಪ್ರಾಮಾಣಿಕ ದಾರಿ. ಮೂರು ಬೆರಳಿನ ದೊಡ್ಡ ಮಾಂಸಾಹಾರಿಯ ಹೆಜ್ಜೆಗೆ ಯೂಬ್ರಾಂಟಿಸ್, ಸಣ್ಣದಕ್ಕೆ ಗ್ರಾಲೇಟರ್ ಎಂಬ ಹೆಸರುಗಳು ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಅಮೆರಿಕದ ಕನೆಕ್ಟಿಕಟ್ ಕಣಿವೆಯಲ್ಲಿ 1802ರಲ್ಲಿ ಪ್ಲಿನಿ ಮೂಡಿ ಎಂಬ ರೈತರ ಮನೆಯ ಹುಡುಗ ಹೊಲದಲ್ಲಿ ಇಂಥ ಕಲ್ಲೊಂದನ್ನು ಕಂಡ. ಬೈಬಲ್ಲಿನ ನೋಹನ ನಾವೆಯಿಂದ ಹಾರಿದ ಕಾಗೆಯ ಹೆಜ್ಜೆ ಇದು ಎಂದು ಜನ ನಂಬಿದರು. 1830ರ ದಶಕದಲ್ಲಿ ಅಲ್ಲಿನ ಹೆಜ್ಜೆಗಳನ್ನು ಶ್ರದ್ಧೆಯಿಂದ ಸಂಗ್ರಹಿಸತೊಡಗಿದ ಎಡ್ವರ್ಡ್ ಹಿಚ್‌ಕಾಕ್ ಅವು ದೈತ್ಯ ಹಕ್ಕಿಗಳದೆಂದು ಬರೆದರು. ಹಕ್ಕಿಗಳು ಡೈನೋಸಾರ್‌ಗಳ ವಂಶದವು ಎಂದು ಈಗ ತಿಳಿದಿರುವುದರಿಂದ ಅವರ ಊಹೆ ಅಷ್ಟೇನೂ ದೂರ ಹೋಗಿರಲಿಲ್ಲ. ಗದ್ದೆಯ ಹಾಳಿಯ ಮೇಲೆ ಬೆಳ್ಳಕ್ಕಿ ನಡೆದುಹೋದ ಜಾಗವನ್ನು ಬಗ್ಗಿ ನೋಡಿದವರಿಗೆ ಆ ಮೂರು ಬೆರಳಿನ ಹೋಲಿಕೆ ತಟ್ಟನೆ ಹೊಳೆಯುತ್ತದೆ.

ಅರಬೈಲಿನ ಬಂಡೆ ಏನು ಹೇಳುತ್ತದೆ

ಡೈನೋಸಾರ್‌ಗಳು ಭೂಮಿಯ ಮೇಲಿದ್ದುದು ಸುಮಾರು 23 ಕೋಟಿ ವರ್ಷಗಳ ಹಿಂದಿನಿಂದ 6.6 ಕೋಟಿ ವರ್ಷಗಳ ಹಿಂದಿನವರೆಗೆ. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಅರಬೈಲ್ ಘಟ್ಟದಲ್ಲಿ ಸೀಳಿಕೊಂಡು ಇಳಿಯುವ ಬಂಡೆಗಳು ಧಾರವಾಡ ಶಿಲಾಸಮೂಹಕ್ಕೆ ಸೇರಿದವು. ಅವುಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಈ ಶಿಲಾಸಮೂಹವನ್ನು ಬೇರೆಯಾಗಿ ಗುರುತಿಸಿ ಧಾರವಾಡದ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. ಡೈನೋಸಾರ್ ಹುಟ್ಟುವ ಹೊತ್ತಿಗಾಗಲೇ ಈ ಕಲ್ಲು ಕಾದು, ಮಡಚಿ, ಪದರು ಬದಲಿಸಿ, ಮುದಿಯಾಗಿತ್ತು. ಗಟ್ಟಿ ಬಂಡೆಯ ಮೇಲೆ ಎಂಥ ಪ್ರಾಣಿ ನಡೆದರೂ ಗುರುತು ಬೀಳುವುದಿಲ್ಲ.

ಹಾಗೆಂದು ಡೈನೋಸಾರ್‌ಗಳು ಇಲ್ಲಿ ಓಡಾಡಲೇ ಇಲ್ಲ ಎಂದಲ್ಲ. ಹೆಜ್ಜೆ ಉಳಿಯಬೇಕಾದರೆ ಆ ಕಾಲದ ಹೂಳು ಉಳಿಯಬೇಕು. ಘಟ್ಟದ ಈ ಭಾಗ ಆಗ ನೀರು ಹರಿದು ಸವೆಯುವ ನೆಲ, ಹೂಳು ಕೂರುವ ನೆಲವಲ್ಲ. ಆಮೇಲಿನ ಕಾಲದಲ್ಲಿ ಬಿಸಿಲೂ ಮಳೆಯೂ ಕಲ್ಲನ್ನು ಕೊಳೆಯಿಸಿ ಮೇಲೆ ಚಿರೆಕಲ್ಲಿನ ಹೊದಿಕೆ ಮಾಡಿದವು. ಈ ಕಲ್ಲಿಗೆ ಲ್ಯಾಟರೈಟ್ ಎಂದು 1807ರಲ್ಲಿ ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಸೋದೆ, ಶಿರಸಿ, ಯಲ್ಲಾಪುರಗಳ ದಾರಿಯಲ್ಲಿ ಪ್ರಯಾಣ ಮಾಡಿದ್ದರು.

ಇನ್ನೊಂದು ಸಂಗತಿಯೂ ಇದೆ. ಜುರಾಸಿಕ್ ಕಾಲದಲ್ಲಿ ಯಾರಾದರೂ ಅರಬೈಲಿನ ಜಾಗದಿಂದ ಪಡುವಣಕ್ಕೆ ನಡೆದಿದ್ದರೆ ಅಂಕೋಲೆಯಲ್ಲಿ ಕಡಲು ಸಿಗುತ್ತಿರಲಿಲ್ಲ. ನಡೆದಂತೆಲ್ಲ ಮಡಗಾಸ್ಕರ್ ಸಿಗುತ್ತಿತ್ತು. ಎರಡೂ ಒಂದೇ ನೆಲವಾಗಿದ್ದವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಅವು ಬೇರ್ಪಡುವಾಗ ಉಕ್ಕಿದ ಲಾವಾ ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಗಳಲ್ಲಿ ಕಂಬಕಂಬವಾಗಿ ನಿಂತಿದೆ. ಅದು ಡೈನೋಸಾರ್ ಕಾಲದ್ದೇ ಕಲ್ಲು. ಕರ್ನಾಟಕದ ಕರಾವಳಿಯಲ್ಲಿ ನಿಂತು ಆ ಯುಗದ ಕಲ್ಲನ್ನು ಕೈಯಿಂದ ಮುಟ್ಟಬೇಕೆನ್ನುವವರು ಹೋಗಬೇಕಾದ ಜಾಗ ಅದು, ಆದರೆ ಕುದಿಯುವ ಲಾವಾದಲ್ಲಿ ಹೆಜ್ಜೆ ಉಳಿಯುವ ಮಾತಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳ ಕರಿಕಲ್ಲು, ಅಂದರೆ ಡೆಕ್ಕನ್ ಟ್ರ್ಯಾಪ್, ಡೈನೋಸಾರ್‌ಗಳ ಕೊನೆಗಾಲದ್ದು. ಎರಡು ಲಾವಾ ಹರಿವುಗಳ ನಡುವೆ ಕೆರೆಗಳು ನಿಂತು ಹೂಳು ಕಟ್ಟಿದ ತೆಳು ಪದರಗಳು ಅಲ್ಲಲ್ಲಿ ಇವೆ. ಗುರುಮಠಕಲ್ ಸುತ್ತಿನ ಅಂಥ ಪದರಗಳಲ್ಲಿ ಸಿಹಿನೀರಿನ ಆಸ್ಟ್ರಕಾಡ್ ಎಂಬ ಜೀವಿಗಳ ಸಾಸಿವೆಗಿಂತ ಸಣ್ಣ ಚಿಪ್ಪುಗಳು ಸಿಕ್ಕಿವೆ. ಕರ್ನಾಟಕದಲ್ಲಿ ಆ ಕಾಲದ ನೆಲದ ಬದುಕಿನ ಕುರುಹು ಹುಡುಕುವವರು ಕಣ್ಣಿಡಬೇಕಾದದ್ದು ಇಂಥ ಪದರಗಳ ಮೇಲೆ.

ಹೆಜ್ಜೆ ಇಲ್ಲದಿದ್ದರೂ ಈ ಸೀಮೆಯವರಿಗೆ ಹೆಮ್ಮೆಪಡಲು ಇನ್ನೂ ಹಳೆಯದೊಂದಿದೆ. ಸಿದ್ದಾಪುರದಿಂದ ಸಾಗರದ ಮೇಲೆ ಶಿವಮೊಗ್ಗಕ್ಕೆ ಹೋಗುವ ಬಸ್ಸು ಕುಂಸಿಯನ್ನು ದಾಟುತ್ತದೆ. ಅಲ್ಲಿನ ಸುಣ್ಣಕಲ್ಲಿನಲ್ಲಿ ಸ್ಟ್ರೊಮಟೊಲೈಟ್‌ಗಳಿವೆ: ಆಳವಿಲ್ಲದ ಕಡಲಿನಲ್ಲಿ ನೀಲಿಹಸಿರು ಪಾಚಿಯಂಥ ಜೀವಿಗಳು ಹಾಸಿನ ಮೇಲೆ ಹಾಸು ಕಟ್ಟುತ್ತ ಹೋದ ಗುಪ್ಪೆಗಳು. ಅಡ್ಡಕ್ಕೆ ಕೊಯ್ದ ಈರುಳ್ಳಿಯಂತೆ ಬಳೆಬಳೆಯಾಗಿ ಕಾಣುವ ಇವುಗಳ ವಯಸ್ಸು ಸುಮಾರು 260 ಕೋಟಿ ವರ್ಷ. ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರ ಮತ್ತು ವಾಣಿವಿಲಾಸ ಸಾಗರದ ಬಳಿಯೂ ಇವೆ. ಡೈನೋಸಾರ್ ಹೆಜ್ಜೆ ಇವುಗಳ ಮುಂದೆ ನಿನ್ನೆ ಮೊನ್ನೆಯದು. ಬಾದಾಮಿಯ ಮರಳುಗಲ್ಲಿನಲ್ಲಿ ತೆಳುನೀರು ಮರಳಿನ ಮೇಲೆ ಬಿಟ್ಟ ಅಲೆಗೆರೆಗಳು ಹಾಗೇ ಕಲ್ಲಾಗಿವೆ. ಆ ನೀರಿನಂಚಿನಲ್ಲಿ ನಡೆಯಲು ಕಾಲಿರುವ ಪ್ರಾಣಿ ಇನ್ನೂ ಹುಟ್ಟಿರಲಿಲ್ಲ.

ಭಾರತದಲ್ಲಿ ಎಲ್ಲಿ ನೋಡಬಹುದು

ಹೆಜ್ಜೆಗುರುತಿನ ಮಟ್ಟಿಗೆ ಭಾರತದಲ್ಲಿ ಮೊದಲು ನೆನೆಯಬೇಕಾದ್ದು ರಾಜಸ್ಥಾನದ ಜೈಸಲ್ಮೇರ್ ಹತ್ತಿರದ ಥೈಯಾತ್. 2014ರ ಜನವರಿಯಲ್ಲಿ ಜುರಾಸಿಕ್ ಕಾಲದ ಅಧ್ಯಯನಕಾರರ ಅಂತರರಾಷ್ಟ್ರೀಯ ಸಮ್ಮೇಳನ ಜೈಪುರದಲ್ಲಿ ನಡೆದಾಗ, ಕ್ಷೇತ್ರ ವೀಕ್ಷಣೆಗೆ ಹೋದವರ ಕಣ್ಣಿಗೆ ಅಲ್ಲಿನ ಮರಳುಗಲ್ಲಿನಲ್ಲಿ ಮೂರು ಬೆರಳಿನ ಗುರುತುಗಳು ಬಿದ್ದವು. ದೊಡ್ಡದು ಸುಮಾರು 30 ಸೆಂ.ಮೀ., ಯೂಬ್ರಾಂಟಿಸ್, ಸಣ್ಣದು 5.5 ಸೆಂ.ಮೀ., ಗ್ರಾಲೇಟರ್. ಒಂದು ಕೋಳಿಯ ಕಾಲಿನಷ್ಟು, ಇನ್ನೊಂದು ಊಟದ ತಟ್ಟೆಯಷ್ಟು. ಅದೇ ಜಿಲ್ಲೆಯ ಆಕಲ್‌ನಲ್ಲಿ ಕಲ್ಲಾದ ಮರದ ಕಾಂಡಗಳ ಉದ್ಯಾನವಿದೆ. ಬಿದ್ದಲ್ಲೇ ಇರುವ ಕಾಂಡಗಳಿಗೆ ಬೇಲಿಯನ್ನೂ ಮೇಲೊಂದು ಚಪ್ಪರವನ್ನೂ ಮಾಡಿ ಕಾಯುತ್ತಿದ್ದಾರೆ.

ಗುಜರಾತಿನ ಬಾಲಾಸಿನೋರ್ ಬಳಿಯ ರೈಯೋಲಿಯಲ್ಲಿ ಸಿಕ್ಕಿದ್ದು ಹೆಜ್ಜೆಯಲ್ಲ, ಎಲುಬು ಮತ್ತು ಮೊಟ್ಟೆ. 1980ರ ದಶಕದ ಆರಂಭದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಸಂಗ್ರಹಿಸಿದ ಎಲುಬುಗಳಿಂದ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂಬ ಮಾಂಸಾಹಾರಿಗೆ ಹೆಸರಾಯಿತು. ಇದರ ಹತ್ತಿರದ ನೆಂಟ ಮಜುಂಗಾಸಾರಸ್ ಸಿಕ್ಕಿರುವುದು ಮಡಗಾಸ್ಕರಿನಲ್ಲಿ. ಹಳೆಯ ನೆಲ ಒಂದಾಗಿತ್ತೆಂಬುದಕ್ಕೆ ಇದೂ ಸಾಕ್ಷಿ. 2019ರಲ್ಲಿ ಅಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ರೈಯೋಲಿಯಿಂದ ಕಲಿಯಬೇಕಾದ ಮುಖ್ಯ ಸಂಗತಿ ಬೇರೆಯಿದೆ: ಅಲ್ಲಿ ಕಟ್ಟಡ ಬಂದದ್ದು ಪಳೆಯುಳಿಕೆ ಸಿಕ್ಕು ಮೂರು ದಶಕಗಳಿಗೂ ಹೆಚ್ಚು ಕಾಲದ ಮೇಲೆ. ಅಷ್ಟು ವರ್ಷ ಬಯಲಿನಲ್ಲಿದ್ದ ಮೊಟ್ಟೆಗಳ ಕಾವಲು ಬಹುಮಟ್ಟಿಗೆ ಊರವರ ಪ್ರೀತಿ, ಎಚ್ಚರಗಳ ಮೇಲೆ ನಿಂತಿತ್ತು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಒಂದು ಮನೆತನದವರು ಕಾಕಡ್ ಭೈರವನೆಂದು ತಲೆತಲಾಂತರದಿಂದ ಪೂಜಿಸುತ್ತಿದ್ದ ದುಂಡುಗಲ್ಲುಗಳು ಡೈನೋಸಾರ್ ಮೊಟ್ಟೆಗಳೆಂದು 2023ರಲ್ಲಿ ಸುದ್ದಿಯಾಯಿತು. ಯಾಣದ ಭೈರವೇಶ್ವರನ ಬುಡದಲ್ಲಿ ಕೈಮುಗಿಯುವ ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ದೇವರೆಂದ ಕಲ್ಲನ್ನು ಯಾರೂ ಒಡೆಯುವುದಿಲ್ಲ.

ಕನ್ನಡ ನಾಡಿನವರಿಗೆ ಹತ್ತಿರದಲ್ಲಿ ನಿಜವಾದ ಡೈನೋಸಾರ್ ಎಲುಬುಗೂಡು ನೋಡಸಿಗುವುದು ಹೈದರಾಬಾದಿನ ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ. ಅಲ್ಲಿರುವುದು ಗೋದಾವರಿ ಕಣಿವೆಯ ಯಾಮನಪಲ್ಲಿಯ ಕೋಟಾಸಾರಸ್. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಘರ್ಜಿಸುವ ಯಂತ್ರದ ಸ್ಪೈನೋಸಾರಸ್ ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳನ್ನು ಬೆಚ್ಚಿಬೀಳಿಸುತ್ತದೆ. ಬೆಚ್ಚಿದ ಮಗುವಿಗೆ ಮುಂದೆ ಒಂದು ನಿಜವಾದ ಹೆಜ್ಜೆಯನ್ನೂ ತೋರಿಸಬೇಕು. ಯಂತ್ರ ಮಾಡಲಾಗದ್ದನ್ನು ಆ ಕುಳಿ ಮಾಡುತ್ತದೆ.

ಕಾಯುವ ಬಗೆಗಳು

ಹೆಜ್ಜೆಗುರುತಿಗೆ ಬೆಳಕು ಕಂಡ ದಿನದಿಂದಲೇ ಅಳಿವು ಶುರು. ಮುಚ್ಚಿಕೊಂಡಿದ್ದಷ್ಟು ಕಾಲ ಅದಕ್ಕೆ ಏನೂ ಆಗಿರಲಿಲ್ಲ. ಬಿಸಿಲಿಗೆ ಕಾದು ರಾತ್ರಿ ತಣಿಯುವಾಗ ಕಲ್ಲು ಚಕ್ಕೆ ಏಳುತ್ತದೆ; ಬಿರುಕಿಗಿಳಿದ ನೀರು ಉಪ್ಪನ್ನು ಕರಗಿಸಿ ತಂದು ಮೇಲೆ ಹರಳುಗಟ್ಟಿಸಿ ಪದರವನ್ನೇ ಎಬ್ಬಿಸುತ್ತದೆ; ಪಾಚಿಯೂ ಕಲ್ಲುಹೂವೂ ಹಿಡಿಯುತ್ತವೆ; ಬೇರು ಸೀಳುತ್ತದೆ. ಇವೆಲ್ಲಕ್ಕಿಂತ ಬೇಗ ಕೆಡಿಸುವುದು ನೋಡಲು ಬಂದವರ ಚಪ್ಪಲಿ. ಒಂದೇ ಒಂದು ಕಾಯಿಲೆ ಇದ್ದಿದ್ದರೆ ಒಂದೇ ಮದ್ದು ಸಾಕಿತ್ತು. ಆದ್ದರಿಂದ ಬೇರೆ ಬೇರೆ ನಾಡುಗಳು ಬೇರೆ ಬೇರೆ ದಾರಿ ಹಿಡಿದವು.

ಮಾಡು ಕಟ್ಟುವುದು ಒಂದು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಲಾರ್ಕ್ ಕ್ವಾರಿಯಲ್ಲಿ ಸುಮಾರು 9.5 ಕೋಟಿ ವರ್ಷ ಹಿಂದಿನ 3,300 ಹೆಜ್ಜೆಗಳು ಒಂದೇ ಬಂಡೆಯ ಹಾಸಿನ ಮೇಲಿವೆ. 1976–77ರಲ್ಲಿ ಅವನ್ನು ಬಿಡಿಸಲು 60 ಟನ್ನಿಗೂ ಹೆಚ್ಚು ಕಲ್ಲು ತೆಗೆದರು. ಸಂಶೋಧಕರಾದ ಟೋನಿ ಥಲ್ಬಾರ್ನ್, ಮೇರಿ ವೇಡ್ ಅವರ ಪ್ರಕಾರ ದೊಡ್ಡ ಬೇಟೆಗಾರನೊಂದಕ್ಕೆ ಹೆದರಿದ ಸಣ್ಣ ಡೈನೋಸಾರ್‌ಗಳ ಹಿಂಡು ದಿಕ್ಕೆಟ್ಟು ಓಡಿದ ಗುರುತು ಅದು. 2010ರ ನಂತರದ ಅಧ್ಯಯನಗಳು ಇದನ್ನು ಒಪ್ಪದೆ, ಹೊಳೆ ದಾಟುತ್ತ ಈಜುತ್ತ ಹೋದ ಪ್ರಾಣಿಗಳ ಗೀರುಗಳಿವು ಎಂದವು. ವಾದ ಇಷ್ಟು ವರ್ಷ ಮುಂದುವರಿಯಲು ಆಗಿದ್ದೇ ಹೆಜ್ಜೆಗಳು ಇದ್ದಲ್ಲೇ ಇದ್ದುದರಿಂದ. ಹೊಸ ಕಣ್ಣಿನವರು ಹೋಗಿ ಅದೇ ನೆಲವನ್ನು ಮತ್ತೆ ಅಳೆಯಬಹುದಿತ್ತು. 1979ರಲ್ಲಿ ಹಾಕಿದ ಬರೀ ಚಾವಣಿ ಅಲ್ಲಿ ಸಾಲಲಿಲ್ಲ. ಬದಿಗಳು ತೆರೆದಿದ್ದರಿಂದ ನೀರು ನುಗ್ಗಿತು, ಪ್ರಾಣಿಗಳು ಒಳಬಂದವು, ಬಿಸಿಲು ಚಳಿಯ ಏರಿಳಿತ ತಪ್ಪಲಿಲ್ಲ. 2002ರಲ್ಲಿ ದಪ್ಪ ಮಣ್ಣಿನ ಗೋಡೆಯ ಪೂರ್ತಿ ಕಟ್ಟಡ ಮಾಡಿ, ಒಳಗೆ ಎತ್ತರದ ನಡೆದಾರಿ ಕಟ್ಟಿ, ಮಾರ್ಗದರ್ಶಿಯ ಜೊತೆಗಷ್ಟೇ ಒಳಬಿಡುವ ಪದ್ಧತಿ ತಂದರು.

ಮತ್ತೆ ಮುಚ್ಚುವುದು ಇನ್ನೊಂದು ದಾರಿ. ನೋಡಲು ಬಂದವರಿಗೆ ಇದು ರುಚಿಸುವುದಿಲ್ಲ, ಆದರೆ ಕಲ್ಲಿಗೆ ಇದರಷ್ಟು ಒಳ್ಳೆಯದು ಬೇರೆಯಿಲ್ಲ. ಕನೆಕ್ಟಿಕಟ್‌ನ ರಾಕಿ ಹಿಲ್‌ನಲ್ಲಿ 1966ರಲ್ಲಿ ಸರ್ಕಾರಿ ಕಟ್ಟಡಕ್ಕೆ ಅಡಿಪಾಯ ತೋಡುತ್ತಿದ್ದ ಬುಲ್ಡೋಜರ್ ಚಾಲಕನೊಬ್ಬ ಕಲ್ಲಿನಲ್ಲಿ ಮೂರು ಬೆರಳು ಕಂಡು ಯಂತ್ರ ನಿಲ್ಲಿಸಿದ. ಕಟ್ಟಡ ಬೇರೆ ಕಡೆಗೆ ಹೋಯಿತು, ಅಲ್ಲಿ ಡೈನೋಸಾರ್ ಉದ್ಯಾನವಾಯಿತು. ಬಯಲಾದ ಸುಮಾರು 2,000 ಹೆಜ್ಜೆಗಳಲ್ಲಿ 500ನ್ನು ಗುಮ್ಮಟದ ಕೆಳಗೆ ತೋರಿಸಿ, ಉಳಿದ 1,500ನ್ನು ಮಣ್ಣು ಹೊದಿಸಿ ಮುಂದಿನವರಿಗೆಂದು ಬಿಟ್ಟರು. ಆದರೆ ಮುಚ್ಚುವುದಕ್ಕೂ ವಿದ್ಯೆ ಬೇಕು ಎಂಬುದಕ್ಕೆ ಟಾಂಜಾನಿಯದ ಲಾಯ್ಟೋಲಿ ಉದಾಹರಣೆ. ಅದು ಡೈನೋಸಾರ್ ತಾಣವಲ್ಲ. 36 ಲಕ್ಷ ವರ್ಷ ಹಿಂದೆ ಜ್ವಾಲಾಮುಖಿಯ ಬೂದಿಯ ಮೇಲೆ ಎರಡು ಕಾಲಿನಲ್ಲಿ ನಡೆದ ನಮ್ಮ ಪೂರ್ವಜರ ಸಾಲು. 1978–79ರಲ್ಲಿ ಮೇರಿ ಲೀಕಿಯವರ ತಂಡ ಅದನ್ನು ಬಿಡಿಸಿ, ಅಳೆದು, ಮರಳು ಹಾಕಿ ಮುಚ್ಚಿತು. ಆ ಮರಳಿನಲ್ಲಿ ಜಾಲಿಯ ಬೀಜಗಳಿದ್ದವು. ಅವು ಮೊಳೆತು ಮರಗಳಾಗಿ, ಬೇರುಗಳು ಹೆಜ್ಜೆಗಳತ್ತ ಇಳಿದವು. 1990ರ ದಶಕದಲ್ಲಿ ಗೆಟ್ಟಿ ಸಂರಕ್ಷಣಾ ಸಂಸ್ಥೆಯೂ ಟಾಂಜಾನಿಯದವರೂ ಸೇರಿ ಮತ್ತೆ ತೆರೆದು, ಬೇರು ತೆಗೆದು, ಜರಡಿ ಹಿಡಿದ ಮರಳಿನ ನಡುವೆ ಬೇರು ತಡೆಯುವ ಬಟ್ಟೆ ಹಾಸಿ ಮುಚ್ಚಿದರು. ಮುಚ್ಚುವ ಮೊದಲು ಆ ಸೀಮೆಯ ಮಾಸಾಯಿ ಜನರ ಧರ್ಮಗುರುವಿನಿಂದ ಆಶೀರ್ವಾದವೂ ನಡೆಯಿತು. ಮರಳನ್ನು ಜರಡಿ ಹಿಡಿಯದ ಒಂದು ಸಣ್ಣ ಅಲಕ್ಷ್ಯ, ಅದನ್ನು ತಿದ್ದಲು ಇಷ್ಟು ದೊಡ್ಡ ಕೆಲಸ.

ಕತ್ತರಿಸಿ ಒಯ್ಯುವುದು ಕೊನೆಯ ದಾರಿ. ಟೆಕ್ಸಾಸಿನ ಪಾಲಕ್ಸಿ ನದಿಯ ತಳದಲ್ಲಿ ಆರ್. ಟಿ. ಬರ್ಡ್ 1938ರಲ್ಲಿ ಗುರುತಿಸಿದ ಹೆಜ್ಜೆಸಾಲೊಂದನ್ನು 1940ರಲ್ಲಿ ಎತ್ತಿ, ಒಂದು ಭಾಗವನ್ನು ನ್ಯೂಯಾರ್ಕಿಗೂ ಇನ್ನೊಂದನ್ನು ಆಸ್ಟಿನ್‌ಗೂ ಒಯ್ದರು. ಒಂದೇ ನಡಿಗೆ ಎರಡು ಊರಿಗೆ ಹಂಚಿಹೋಯಿತು. ಬರ್ಡ್‌ರನ್ನು ಅಲ್ಲಿಗೆ ಸೆಳೆದದ್ದೂ ಅಂಗಡಿಯೊಂದರಲ್ಲಿ ಕಂಡ ನಕಲಿ ಹೆಜ್ಜೆಗಳೇ. ಬಡತನದ ಆ ವರ್ಷಗಳಲ್ಲಿ ಊರಿನವರು ನಿಜವಾದವನ್ನು ಕಿತ್ತೂ ಮಾರುತ್ತಿದ್ದರು, ಸುಳ್ಳಿನವನ್ನು ಕೆತ್ತಿಯೂ ಮಾರುತ್ತಿದ್ದರು.

ಬೊಲಿವಿಯದ ಸುಕ್ರೆ ಊರಿನ ಕಾಲ್ ಓರ್ಕೊದಲ್ಲಿ ಯಾವ ದಾರಿಯೂ ಸುಲಭವಲ್ಲ. ಸಿಮೆಂಟು ಕಾರ್ಖಾನೆಯ ಕಲ್ಲುಗಣಿಯಲ್ಲಿ ಬಯಲಾದ 5,000ಕ್ಕೂ ಮೀರಿದ ಹೆಜ್ಜೆಗಳು ಇರುವುದು ನೆಟ್ಟಗೆ ನಿಂತ ಗೋಡೆಯ ಮೇಲೆ. ಕೆರೆಯ ತಳವಾಗಿದ್ದ ಹಾಸು ಆಂಡಿಸ್ ಪರ್ವತ ಏಳುವಾಗ ಮಗುಚಿ ನಿಂತಿದೆ. 2006ರಲ್ಲಿ ಎದುರಿಗೆ ವಸ್ತುಸಂಗ್ರಹಾಲಯ ಮಾಡಿದರು. 2010ರಲ್ಲಿ ಗೋಡೆಯ ಒಂದು ಭಾಗ ಹೆಜ್ಜೆಗಳ ಸಮೇತ ಕುಸಿಯಿತು. 2021ರ ಜುಲೈ ಮಳೆಯಲ್ಲಿ ಅರಬೈಲ್ ಘಟ್ಟವೂ ಕಳಚೆಯ ಗುಡ್ಡವೂ ಜಾರಿದ್ದನ್ನು ಕಂಡವರಿಗೆ ಇದರ ನೋವು ಬಿಡಿಸಿ ಹೇಳಬೇಕಾಗಿಲ್ಲ.

ಕಳ್ಳತನವೂ ನಡೆಯುತ್ತದೆ. ಪಶ್ಚಿಮ ಆಸ್ಟ್ರೇಲಿಯದ ಬ್ರೂಮ್ ತೀರದ ಮೂರು ಬೆರಳಿನ ಹೆಜ್ಜೆಗಳು ಅಲ್ಲಿನ ಆದಿವಾಸಿ ಜನರಿಗೆ ಎಮು-ಮನುಷ್ಯನಾದ ಮೂಲಪುರುಷ ನಡೆದ ದಾರಿ. ಅವರ ಹಾಡುಗಳಲ್ಲಿ ಆ ದಾರಿ ಬರುತ್ತದೆ. 1996ರಲ್ಲಿ ಅಲ್ಲಿಂದ ಹೆಜ್ಜೆಗಳನ್ನು ಗರಗಸದಿಂದ ಕೊಯ್ದು ಕದ್ದರು. ಆಮೇಲೆ ಅದೇ ಕರಾವಳಿಯ ಜೇಮ್ಸ್ ಪ್ರೈಸ್ ಪಾಯಿಂಟ್‌ನಲ್ಲಿ ದೊಡ್ಡ ಅನಿಲ ಘಟಕ ಬರುವುದಿತ್ತು. ಅಲ್ಲಿನ ಆದಿವಾಸಿಗಳಾದ ಗೂಲರಬೂಲು ಜನ ವಿಜ್ಞಾನಿಗಳನ್ನು ತಾವೇ ಕರೆತಂದು ಹೆಜ್ಜೆಗಳನ್ನು ತೋರಿಸಿದರು, ಹೋರಾಡಿದರು. 2013ರಲ್ಲಿ ಆ ಯೋಜನೆಯನ್ನು ಕೈಬಿಟ್ಟರು. 2017ರಲ್ಲಿ ಪ್ರಕಟವಾದ ಅಧ್ಯಯನ ಅಲ್ಲಿ 21 ಬಗೆಯ ಹೆಜ್ಜೆಗಳನ್ನು ಗುರುತಿಸಿತು.

ನಮ್ಮ ಸೀಮೆಯ ಕಲ್ಲುಗಳು

ಬೇಡ್ತಿ ಅಣೆಕಟ್ಟನ್ನು ಬೇಡವೆಂದ, 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಮರಗಳನ್ನಪ್ಪಿ ಅಪ್ಪಿಕೋ ಚಳವಳಿ ಕಟ್ಟಿದ ಸೀಮೆ ಇದು. ಮರಕ್ಕೆ, ಹೊಳೆಗೆ, ಸಿಂಗಳೀಕಕ್ಕೆ ಇಲ್ಲಿ ಮಾತಾಡುವವರಿದ್ದಾರೆ. ಕಲ್ಲಿನ ಪರವಾಗಿ ಮಾತಾಡುವವರು ಇನ್ನೂ ಹೆಚ್ಚಬೇಕು.

ಶಿರಸಿ–ಯಲ್ಲಾಪುರ ದಾರಿಯಲ್ಲಿ ಶಾಲ್ಮಲಾ ನದಿಯ ಸಹಸ್ರಲಿಂಗವನ್ನೇ ನೋಡಿ. ಸೋದೆಯ ಅರಸ ಸದಾಶಿವರಾಯನ (1678–1718) ಕಾಲದ್ದೆನ್ನುವ ನೂರಾರು ಲಿಂಗಗಳು, ನಂದಿಗಳು ಹೊಳೆಯ ಬಂಡೆಗಳ ಮೇಲೆಯೇ ಕೆತ್ತಲ್ಪಟ್ಟಿವೆ. ಮಳೆಗಾಲದಲ್ಲಿ ಕೆಂಪುನೀರು ಮರಳು ಹೊತ್ತು ಅವುಗಳ ಮೇಲೆ ಉಜ್ಜುತ್ತ ಹರಿಯುತ್ತದೆ. ನೀರಿಳಿದ ಮೇಲೆ ಜನ ಬಂಡೆಯಿಂದ ಬಂಡೆಗೆ ಜಿಗಿಯುತ್ತಾರೆ, ಶಿವರಾತ್ರಿಗೆ ಜಾತ್ರೆಯೇ ಸೇರುತ್ತದೆ. ಕೆಲವು ಪೀಠಗಳ ಅಂಚು ಕೈಯಾಡಿಸಿದರೆ ಸಾಬೂನಿನಂತೆ ನುಣುಪು. ಹೊಳೆಯ ತಳದಲ್ಲಿರುವ ಪಾಲಕ್ಸಿಯ ಹೆಜ್ಜೆಗಳಿಗೂ ಇವಕ್ಕೂ ಇರುವ ಕಷ್ಟ ಒಂದೇ: ನೀರನ್ನು ತಡೆಯಲಾಗದು, ತಡೆಯಲೂಬಾರದು. ಆದರೆ ಕಾಲನ್ನು ತಡೆಯಬಹುದು. ದಡದಲ್ಲೇ ನಿಂತು ನೋಡುವ ಕಟ್ಟೆ, ಬೇಸಿಗೆಗೆ ಹಾಕಿ ಮಳೆಗಾಲಕ್ಕೆ ತೆಗೆಯುವ ಮರದ ಸಂಕ, ವರ್ಷಕ್ಕೊಮ್ಮೆ ಒಂದೇ ಜಾಗದಿಂದ ತೆಗೆದ ಫೋಟೊ ಇದ್ದರೆ ಸವೆತ ಎಷ್ಟೆಂದಾದರೂ ಗೊತ್ತಾಗುತ್ತದೆ.

ಮಳೆಯಿಂದ ಕಾಯುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಕೊಳೆರೋಗ ತಗುಲದಂತೆ ಅಡಿಕೆ ಕೊನೆಗೆ ಕೊಟ್ಟೆ ಕಟ್ಟಿದವರು, ಮಣ್ಣಿನ ಗೋಡೆಗೆ ಜಡಿ ಬಡಿಯದಂತೆ ಸೋಗೆಯ ತಟ್ಟಿ ಕಟ್ಟಿದವರು ನಮ್ಮ ಹಿರಿಯರು. ಗಾಳಿಯಾಡಬೇಕು, ನೀರು ತಾಗಬಾರದು ಎಂಬುದೇ ಅದರ ಗುಟ್ಟು. ಮಲೆನಾಡಿನ ಕಲ್ಲಿನ ಮೇಲೆ ಗಾಜಿನ ಪೆಟ್ಟಿಗೆ ಕೂರಿಸಿದರೆ ಒಳಗೆ ಬೆವರು ನಿಂತು ವರ್ಷದೊಳಗೆ ಪಾಚಿ ಕಟ್ಟುತ್ತದೆ. ಸೋಗೆಯ ತಟ್ಟಿಗೆ ಆ ದೋಷವಿಲ್ಲ. ಇಲ್ಲಿ ಮಾಡು ಕಟ್ಟುವ ಎಂಜಿನಿಯರರು ಮೊದಲು ಒಂದು ಹಳೆಯ ಅಡಿಕೆ ಮನೆಯ ಜಗಲಿಯಲ್ಲಿ ಒಂದು ಆಷಾಢ ಕೂತು ನೋಡಬೇಕು.

ಕಾನೂನಿನ ಬಲ ಇನ್ನೂ ತೆಳುವಾಗಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ದೇಶದಲ್ಲಿ ಮೂವತ್ತಕ್ಕೂ ಹೆಚ್ಚು ತಾಣಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಘೋಷಿಸಿದೆ. ಕರ್ನಾಟಕದಲ್ಲಿ ಲಾಲ್‌ಬಾಗಿನ ಬಂಡೆ, ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬುಲಾವಾ, ಕೋಲಾರ ಚಿನ್ನದ ಗಣಿ ಪ್ರದೇಶದ ಜ್ವಾಲಾಮುಖಿ ಶಿಲೆಗಳಿಗೆ ಈ ಮನ್ನಣೆಯಿದೆ. ಉತ್ತರ ಕನ್ನಡದ ಯಾಣದ ಕಪ್ಪು ಸುಣ್ಣಕಲ್ಲಿನ ಶಿಖರ, ದಾಂಡೇಲಿ ಬಳಿಯ ಕವಳೆ ಗುಹೆ, ಸಿಂಥೇರಿ ಬಂಡೆಗಳಂಥವೂ ಈ ಸಾಲಿಗೆ ಬರುವ ಯೋಗ್ಯತೆ ಉಳ್ಳವು. ಪುರಾತನ ಸ್ಮಾರಕಗಳ 1958ರ ಕಾಯಿದೆ ಮುಖ್ಯವಾಗಿ ಮನುಷ್ಯರು ಕಟ್ಟಿದ, ಕೆತ್ತಿದ ಸ್ಮಾರಕಗಳನ್ನು ಕಾಯುತ್ತದೆ. ನೆಲ ತಾನೇ ಬರೆದಿಟ್ಟದ್ದಕ್ಕೆ ಅದರ ಆಸರೆ ಸಾಲದು. ಈ ಕೊರತೆ ತುಂಬಲೆಂದು ಭೂಪರಂಪರೆ ತಾಣಗಳ ಕರಡು ಮಸೂದೆಯನ್ನು ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಸಾರ್ವಜನಿಕರ ಮುಂದಿಟ್ಟಿತು.

ನೋಡಲು ಹೋಗುವವರಿಗೆ

ಹೆಜ್ಜೆಗುರುತನ್ನು ನಡುಹಗಲಿನಲ್ಲಿ ನೋಡಲು ಹೋಗಬಾರದು. ನೆತ್ತಿಯ ಬಿಸಿಲಿಗೆ ಕುಳಿಯ ನೆರಳು ಸತ್ತು ಬಂಡೆ ಸಪಾಟಾಗಿ ಕಾಣುತ್ತದೆ. ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಓರೆಬಿಸಿಲು ಬಿದ್ದಾಗ, ಅಲ್ಲಿಯವರೆಗೆ ಏನೂ ಇಲ್ಲವೆಂದುಕೊಂಡ ಜಾಗದಲ್ಲಿ ಒಂದೊಂದೇ ಬೆರಳು, ಹಿಮ್ಮಡಿ, ಉಗುರಿನ ಮೊನೆ ಏಳುತ್ತವೆ. ಮಾಡಿನೊಳಗಿರುವ ತಾಣಗಳಲ್ಲಿ ಇದಕ್ಕೆಂದೇ ದೀಪಗಳನ್ನು ನೆಲಮಟ್ಟದಲ್ಲಿ ಓರೆಯಾಗಿ ಇಡುತ್ತಾರೆ.

ಗುರುತು ಎದ್ದು ಕಾಣಲೆಂದು ಸೀಮೆಸುಣ್ಣ ಬಳಿಯುವುದು, ನೀರು ಹೊಯ್ಯುವುದು, ಕಡ್ಡಿಯಿಂದ ಕೆದಕುವುದು ಸಲ್ಲದು. ಅಚ್ಚು ತೆಗೆಯುವ ಆಸೆಯಿದ್ದರೆ ಅದಕ್ಕೆಂದೇ ಬಿಟ್ಟ ಜಾಗ ಬೇಕು. ರಾಕಿ ಹಿಲ್‌ನಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಭೇಟಿಗಾರರೇ ಪ್ಲಾಸ್ಟರ್ ಆಫ್ ಪ್ಯಾರಿಸ್, ಅಡುಗೆ ಎಣ್ಣೆ, ಬಕೆಟ್, ಹಳೆಬಟ್ಟೆ ಹಿಡಿದುಕೊಂಡು ಬರುತ್ತಾರೆ. ಹೊರಗಿಟ್ಟ ಹೆಜ್ಜೆಯೊಂದಕ್ಕೆ ಎಣ್ಣೆ ಸವರಿ, ಪ್ಲಾಸ್ಟರನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ ಹೊಯ್ದು, ಗಟ್ಟಿಯಾದ ಮೇಲೆ ಎಬ್ಬಿಸಿ ಮನೆಗೆ ಒಯ್ಯುತ್ತಾರೆ. ಮಕ್ಕಳಿಗೆ ಕೈಯಲ್ಲಿ ಹಿಡಿಯಲು ಹೆಜ್ಜೆ ಸಿಗುತ್ತದೆ, ಒಳಗಿನ ಐನೂರನ್ನು ಯಾರೂ ಮುಟ್ಟುವುದಿಲ್ಲ. ಇಷ್ಟು ಅಗ್ಗದ, ಇಷ್ಟು ಜಾಣ ಉಪಾಯ ಇನ್ನೊಂದು ತಾಣದಲ್ಲಿ ಕಾಣಸಿಗುವುದು ಕಷ್ಟ.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನ ಕಲ್ಲುಗಣಿಯೊಂದರಲ್ಲಿ ಜೇಡಿ ಕೆರೆಯುತ್ತಿದ್ದ ಯಂತ್ರದ ಕೆಲಸಗಾರನಿಗೆ ನೆಲದಲ್ಲಿ ಒಂದೇ ಅಂತರದಲ್ಲಿ ಉಬ್ಬುಗಳು ಸಿಕ್ಕವು. ಆತ ತಿಳಿಸಿದ್ದರಿಂದ 2024ರಲ್ಲಿ ಅಗೆದು ಸುಮಾರು 200 ಹೆಜ್ಜೆಗಳನ್ನು ಬಿಡಿಸಿದರು. ಒಂದು ಸಾಲು 150 ಮೀಟರಿಗೂ ಉದ್ದ. ನಮ್ಮಲ್ಲೂ ಚಿರೆಕಲ್ಲಿನ ಪಣೆಯಲ್ಲಿ, ಬಾವಿ ತೋಡುವಲ್ಲಿ, ಘಟ್ಟದ ರಸ್ತೆ ಅಗಲ ಮಾಡುವಲ್ಲಿ ಹೊಸ ಕಲ್ಲನ್ನು ಮೊದಲು ನೋಡುವವರು ಜೆಸಿಬಿ ಓಡಿಸುವವರು ಮತ್ತು ಕಲ್ಲು ಒಡೆಯುವವರು. ಬಳೆಬಳೆಯ ಕಲ್ಲೋ, ಅಲೆಗೆರೆಯೋ, ವಿಚಿತ್ರ ಅಚ್ಚೋ ಕಂಡರೆ ಅದನ್ನು ಎತ್ತಿ ತರಬಾರದು. ಪಕ್ಕದಲ್ಲಿ ಒಂದು ಸ್ಕೇಲನ್ನೋ ನಾಣ್ಯವನ್ನೋ ಇಟ್ಟು, ನೇರ ಮೇಲಿನಿಂದ ಒಂದು ಫೋಟೊ, ಆಮೇಲೆ ಸುತ್ತಲೂ ಒಂದರ ಮೇಲೊಂದು ಬರುವಂತೆ ಮೂವತ್ತು ನಲವತ್ತು ಫೋಟೊ ತೆಗೆಯಬೇಕು. ಅವುಗಳಿಂದ ಕಂಪ್ಯೂಟರಿನಲ್ಲಿ ಆ ಕಲ್ಲಿನ ಮೂರು ಆಯಾಮದ ಪ್ರತಿರೂಪ ಮಾಡಬಹುದು. ಜಾಗದ ಗುರುತನ್ನು ಮೊಬೈಲಿನ ನಕಾಶೆಯಲ್ಲಿ ಉಳಿಸಿಕೊಂಡು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಬೆಂಗಳೂರಿನ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಚೇರಿಗೋ ತಿಳಿಸಬೇಕು. ಅವರು ಬರುವತನಕ ಮಳೆ ಬಂದರೆ, ಮೇಲೆ ನಾಲ್ಕು ಹೆಡೆ ಸೋಗೆ ಹೊದಿಸಿಟ್ಟರೆ ಸಾಕು.